ಪಕ್ಕದ ಸ್ಕ್ರೀನು

ಮಗಳು ಇಂಜಿನಿಯರಿಂಗ್ ಸೇರಿದ ಮೇಲೆ ನಮ್ಮ ಮನೆಯಲ್ಲಿ ಮೊಬೈಲ್ ಶಿಸ್ತು ಜಾರಿಗೆ ಬಂತು. ಜಾರಿಗೆ ತಂದವನು ನಾನು, ಜಾರಿದವನೂ ನಾನೇ. ರಾತ್ರಿ ಎಂಟಾದರೆ ಎಲ್ಲರ ಫೋನೂ ಅಕ್ಕಿ ಡಬ್ಬದ ಮೇಲೆ. ನನ್ನದಕ್ಕೆ ಮಾತ್ರ 'ಆಫೀಸಿನವರು ಮಾಡಬಹುದು' ಎಂಬ ರಿಯಾಯಿತಿ. ಆಫೀಸಿನವರು ಹಗಲಲ್ಲೇ ನನ್ನನ್ನು ಕೇಳುವುದಿಲ್ಲವೆಂದು ಹೆಂಡತಿಗೆ ಗೊತ್ತು, ಸಂಸ್ಕಾರವಂತೆ, ಹೇಳುವುದಿಲ್ಲ.

ಬರೀ ಗದರಿದರೆ ಈಗಿನ ಮಕ್ಕಳು ಬಗ್ಗುವುದಿಲ್ಲ, ಆಧಾರ ಬೇಕು. ಹುಡುಕಿದೆ, ಫೋನಿನಲ್ಲೇ.

"ನೋಡೇ, 2014ರಲ್ಲಿ ಅಮೆರಿಕದಲ್ಲಿ ಮ್ಯುಲ್ಲರ್, ಓಪನ್‌ಹೈಮರ್ ಅನ್ನೋರು ಪರೀಕ್ಷೆ ಮಾಡಿದಾರೆ. ಲ್ಯಾಪ್‌ಟಾಪಲ್ಲಿ ನೋಟ್ಸ್ ಕುಟ್ಟೋರು ಮೇಷ್ಟ್ರು ಹೇಳಿದ್ದನ್ನ ಹಾಗ್ಹಾಗೇ ಇಳಿಸ್ಕೋತಾರಂತೆ. ಕೈಯಲ್ಲಿ ಬರೆದೋರಿಗೇ ವಿಷಯ ತಲೆಗೆ ಹತ್ತೋದು."

"2021ರಲ್ಲಿ ಇನ್ನೊಂದು ತಂಡ ಅದನ್ನೇ ಮತ್ತೆ ಮಾಡಿ ನೋಡ್ತಪ್ಪ. ಅಂಕದಲ್ಲಿ ಅಂಥಾ ವ್ಯತ್ಯಾಸ ಸಿಗಲಿಲ್ಲ," ಅಂದಳು, ತಲೆ ಎತ್ತದೆ.

ನಾನು ಓದಿದ್ದು ಮೊದಲ ಪ್ಯಾರಾ ಮಾತ್ರ ಎಂದು ಇವಳಿಗೆ ಹೇಗೆ ಗೊತ್ತಾಯಿತೋ!

ಅವಳ ಓದಿನ ವೈಖರಿಯೇ ಬೇರೆ. 2003ರಲ್ಲಿ ಐಐಟಿಗಳೂ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಶುರುಮಾಡಿದ ಎನ್‌ಪಿಟೆಲ್ ವಿಡಿಯೊ ಪಾಠಗಳನ್ನು ಎರಡರಷ್ಟು ವೇಗದಲ್ಲಿ ಓಡಿಸುತ್ತಾಳೆ. ಫೂರಿಯರ್ ಸರಣಿ ನನಗೆ ಅವಸರದ ಪುರೋಹಿತರ ಸಂಕಲ್ಪದಂತೆ ಕೇಳಿಸುತ್ತದೆ. ತಿಳಿಯದ ಕಡೆ ನಿಲ್ಲಿಸಿ, ಮೇಷ್ಟ್ರನ್ನು ಹಿಂದಕ್ಕೆಳೆದು, ಮತ್ತೆ ಹೇಳಿಸಿಕೊಳ್ಳುತ್ತಾಳೆ. ನಮ್ಮ ಕಾಲದ ಮೇಷ್ಟ್ರನ್ನು ಹಾಗೆ ಎಳೆಯುವ ಧೈರ್ಯ ಯಾರಿಗಿತ್ತು? ಹಳೆ ಪ್ರಶ್ನೆಪತ್ರಿಕೆಗಳು ವಾಟ್ಸಾಪ್ ಗ್ರೂಪಿನಲ್ಲಿ ಬಂದು ಬೀಳುತ್ತವೆ. ಅದೇ ಗ್ರೂಪಿನಲ್ಲಿ ಮೀಮುಗಳೂ ಬೀಳುತ್ತವೆ ಅನ್ನಿ. ಅವು ಬಂದಾಗ ಇವಳೂ ಅರ್ಧ ಗಂಟೆ ಮಾಯ.

ಅದಕ್ಕೇ ಕಾವಲಿಗೆ ನಾನು ಪಕ್ಕದಲ್ಲೇ ಕೂರುವುದು. ಕಾವಲು ಬೇಸರದ ಕೆಲಸ. ಬೇಸರಕ್ಕೆ ಒಂದು ರೀಲ್ಸ್. ಮುದ್ದೆ ನುಂಗುವ ಸ್ಪರ್ಧೆ, ಆಗುಂಬೆಯ ಮಳೆ, ಮಂಡಿನೋವಿಗೆ ಮೆಂತ್ಯ. ಸೌಂಡ್ ಪೂರ್ತಿ ಬಂದ್ ಮಾಡಿರುತ್ತೇನೆ. ನನ್ನ ನಗುವಿಗೆ ಮಾತ್ರ ಆ ಬಟನ್ ಇಲ್ಲ.

ಇಂಟರ್ನಲ್ಸ್ ಹಿಂದಿನ ರಾತ್ರಿ ಮಗಳು ಪುಸ್ತಕ ಮುಚ್ಚಿದಳು.

"ಅಮ್ಮಾ, 2013ರಲ್ಲಿ ಕೆನಡಾದಲ್ಲಿ ಇನ್ನೊಂದು ಪರೀಕ್ಷೆ ಮಾಡಿದ್ರು. ಕ್ಲಾಸಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಬೇರೇನೋ ನೋಡ್ತಿದ್ದವರಿಗೆ ಅಂಕ ಕಮ್ಮಿ ಬಂತು. ಸರಿ, ಬರಬೇಕಾದ್ದೇ. ಆದ್ರೆ ಆ ಸ್ಕ್ರೀನು ಕಣ್ಣಿಗೆ ಬೀಳೋ ಹಾಗೆ ಹಿಂದೆ ಕೂತಿದ್ದ ಪಾಪದವರಿಗೂ ಕಮ್ಮಿ ಬಂತು."

ಇಬ್ಬರೂ ನನ್ನ ಕಡೆ ತಿರುಗಿದರು. ಕೈಯಲ್ಲಿ ಮೆಂತ್ಯದ ವೈದ್ಯರು ಇನ್ನೂ ಕೈಬೀಸುತ್ತಿದ್ದರು.

"ರೀ, ಹೊರಗೆ ಜಗಲಿ ಮೇಲೆ ಕೂತ್ಕೊಳ್ಳಿ."

"ಅಲ್ಲಿ ವೈಫೈ ಸಿಗಲ್ವಲ್ಲೇ?"

"ಅದಕ್ಕೇ ಹೇಳಿದ್ದು."