ಕೌಶಲದ ಆಟ

ಪೀಣ್ಯ ಎರಡನೇ ಹಂತ. ಸಿಎನ್‌ಸಿ ಶೆಡ್ಡಿನ ಟೀ ಬ್ರೇಕು.

"ಅಣ್ಣಾ, ಭಾನುವಾರ ಆನ್‌ಲೈನ್ ರಮ್ಮಿ ಟೂರ್ನಮೆಂಟು. ಸೇರ್ಕೊಳ್ಳಾ?"

"ದುಡ್ಡು ಕಟ್ಬೇಕೇನೋ?"

"ಐನೂರು. ರಮ್ಮಿ ಕೌಶಲದ ಆಟ ಅಂತ 1968ಕ್ಕೂ ಮುಂಚೆನೇ ಸುಪ್ರೀಂ ಕೋರ್ಟ್ ಹೇಳಿದೆ."

"ಹೇಳಿದೆ. 2021ರಲ್ಲಿ ನಮ್ಮ ರಾಜ್ಯ ನಿಷೇಧಿಸ್ತು, 2022ರಲ್ಲಿ ಹೈಕೋರ್ಟ್ ಅದನ್ನ ಹೊಡೆದುಹಾಕ್ತು. 2023ರಲ್ಲಿ ಶೇ 28 ಜಿಎಸ್‌ಟಿ ಬಿತ್ತು. 2025ರ ಆಗಸ್ಟಲ್ಲಿ ಸಂಸತ್ತು ದುಡ್ಡಿನಾಟಕ್ಕೇ ಬಾಗಿಲು ಹಾಕ್ತು. ಕೌಶಲವೋ ಅದೃಷ್ಟವೋ ಅಂತ ಕೇಳಲೂ ಇಲ್ಲ."

"ಆಡೋನಿಗೆ ಜೈಲಿಲ್ವಂತಲ್ಲ?"

"ಇಲ್ಲ, ನಡೆಸೋನಿಗಿದೆ. ಅಂಥೋನ ಕೈಗೆ ದುಡ್ಡು ಕೊಟ್ಟು, ಗೆದ್ರೆ ಯಾರ ಹತ್ರ ವಸೂಲಿ ಮಾಡ್ತೀಯ?"

"ನಂಗೆ ಕೌಶಲ ಇದೆಯಣ್ಣಾ!"

"ನಿನ್ನೆ ಮೈಕ್ರೋಮೀಟರ್ ತಪ್ಪಾಗಿ ಓದಿ ಒಂದು ಟ್ರೇ ಬುಷ್ ರಿಜೆಕ್ಟ್ ಮಾಡಿಸಿದೆಯಲ್ಲ, ಆ ಕೌಶಲಾನಾ?"

"ಅದು ಬಿಡಣ್ಣಾ, ಬ್ಯಾಡ್ ಲಕ್ಕು."