ನೀಲಿ ಟಿಕ್ ಮೀಮಾಂಸೆ

ಹಾವೇರಿ ಜಿಲ್ಲೆಯ ಪಾಲಕರು ಸಾಲಿಯ ವಾಟ್ಸಾಪ್ ಗ್ರೂಪನ್ನು ಹೇಗೆ ಅರಗಿಸಿಕೊಂಡರು ಎಂಬ ಗಹನ ಪ್ರಶ್ನೆಯನ್ನು ಶಾಸ್ತ್ರೋಕ್ತವಾಗಿ ಐದು ಅಂಗಗಳಲ್ಲಿ ಪರಿಶೀಲಿಸಲಾಗಿದೆ.

ವಿಷಯ: 2020ರ ಮಾರ್ಚಿನಲ್ಲಿ ಕೊರೊನಾ ಸಾಲಿಗಳಿಗೆ ಬೀಗ ಹಾಕಿಸಿತು. ಆಗಸ್ಟಿನಲ್ಲಿ ಬಂದ ಸರ್ಕಾರದ ‘ವಿದ್ಯಾಗಮ’ ಯೋಜನೆ ಮಾಸ್ತರರನ್ನು ಗುಡಿಕಟ್ಟೆಗೆ, ಮರದ ನೆರಳಿಗೆ ಕಳಿಸಿತು. ಮಕ್ಕಳನ್ನು ಮೊಬೈಲ್ ಇಲ್ಲದವರು, ಸಾದಾ ಮೊಬೈಲಿನವರು, ಸ್ಮಾರ್ಟ್‌ಫೋನಿನವರು ಎಂದು ಮೂರು ಪಾಲು ಮಾಡಿತು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದೂ ಅದು ಅಪ್ಪನ ಕಿಸೆಯಲ್ಲಿ ಕೂತು ಬ್ಯಾಡಗಿ ಪ್ಯಾಟಿಗೆ ಹೋಗಿರುವ ನಾಲ್ಕನೆಯ ವರ್ಗ ಮಾತ್ರ ಕಣ್ತಪ್ಪಿತು.

ಸಂಶಯ: ಸಾಲಿಯ ಮೆಸೇಜಿಗೆ ನೀಲಿ ಟಿಕ್ ಬಿದ್ದರೆ ಪಾಲಕರಿಗೆ ಸಂಗತಿ ತಿಳಿದಂತೆಯೇ? 2014ರ ನವೆಂಬರಿನಲ್ಲಿ ಇದನ್ನು ತಂದ ಕಂಪನಿ ‘ಓದಲಾಗಿದೆ’ ಎಂದಿತೇ ಹೊರತು ಫೋನ್ ಹಿಡಿದು ಓದಿದವರು ಯಾರೆಂದು ಹೇಳಲಿಲ್ಲ. ಗ್ರೂಪಿನಲ್ಲಂತೂ ಎಲ್ಲರೂ ತೆರೆದ ಮೇಲೇ ನೀಲಿ. ಒಬ್ಬರ ಫೋನ್ ಸ್ವಿಚ್ ಆಫ್ ಆದರೂ ಇಡೀ ತರಗತಿ ಬೂದುಬಣ್ಣ.

ಪೂರ್ವಪಕ್ಷ: ಪಾಲಕರಿಗೆ ಮೊಬೈಲ್ ಹೊಸದು, ತರಬೇತಿ ಬೇಕು ಎಂಬುದು ಒಂದು ವಾದ. ಇದು ನಿಲ್ಲದು. ‘ನಮಗ ಇದೆಲ್ಲ ತಿಳಿಯಂಗಿಲ್ರಿ ಅಕ್ಕೋರ’ ಎನ್ನುವ ಅದೇ ರೈತ, ಡಬ್ಬಿಗೆಷ್ಟು, ಕಡ್ಡಿಗೆಷ್ಟು ಎಂದು ಬ್ಯಾಡಗಿ ಮೆಣಸಿನಕಾಯಿ ದರವನ್ನು ಅದೇ ಫೋನಿನಲ್ಲಿ ಕ್ಷಣದಲ್ಲಿ ತೆಗೆದು ತೋರಿಸುತ್ತಾನೆ. 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಈ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗ್ರೂಪಿಗೆ ಬೆಳಗ್ಗೆ ಬಂದು ಬೀಳುವ ಶುಭೋದಯದ ಹೂವುಗಳೂ ಅದೇ ತಳಿ. ಹಾವೇರಿಯಲ್ಲಿ ಏಲಕ್ಕಿ ಪೋಣಿಸಿ ಹಾರ ಮಾಡಿದಂತೆ ಅವುಗಳ ಕೆಳಗೆ ‘ಓಕೆ ಸರ್’ ಪೋಣಿಸಲಾಗುತ್ತದೆ.

ಇನ್ನು ರಾಣೆಬೆನ್ನೂರು ತಾಲೂಕಿಗೆ ಈ ಗ್ರೂಪಿನ ವಿದ್ಯೆ ಹೊಸದೆನ್ನುವುದು ಶುದ್ಧ ಅಜ್ಞಾನ. ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾರೆ, ಜನಸಾಗರ ಗಪ್‌ಚುಪ್. ಇದನ್ನೇ ವಾಟ್ಸಾಪ್ 2018ರಲ್ಲಿ ‘ಅಡ್ಮಿನ್ ಮಾತ್ರ’ ಎಂಬ ಹೆಸರಿನಲ್ಲಿ ಕಂಡುಹಿಡಿಯಿತು. ‘ಸದ್ದಲೇ’ ಆದಮೇಲೆ ಗೊರವಯ್ಯನ ಒಂದೇ ಸಾಲಿನ ಭವಿಷ್ಯವಾಣಿ, ಅಂದರೆ ಕಾರಣಿಕ. ಅದು ಮಳೆಗೋ, ಬೆಳೆಗೋ, ರಾಜಕೀಯಕ್ಕೋ ಎಂದು ವರ್ಷವಿಡೀ ವ್ಯಾಖ್ಯಾನ. ‘ನಾಳೆ ತಪ್ಪದೇ ಬರಬೇಕು’ ಎಂಬ ಮಾಸ್ತರರ ಮೆಸೇಜೂ ಇದೇ ಪರಂಪರೆಯದು. ಅದು ಎಸ್‌ಡಿಎಂಸಿ ಸಭೆಗೋ, ಆಧಾರ್ ಜೋಡಣೆಗೋ, ಶೂ ಅಳತೆಗೋ? ಮೆಸೇಜ್ ಹಾಕಿದ ಮಾಸ್ತರರು ನೆಟ್ ಬಂದ್ ಮಾಡಿರುತ್ತಾರೆ.

ಸಿದ್ಧಾಂತ: ಓದುವವನು ಮಗ. ಚೀಟಿ ಕೊಟ್ಟರೆ ಮುಟ್ಟಿಸುವುದಿಲ್ಲವೆಂದು ಅವನನ್ನು ದಾಟಿ ಹೋಗಲು ಹುಟ್ಟಿದ ಮೆಸೇಜು ಕೊನೆಗೆ ಅವನ ಕೈಗೇ ಬೀಳುತ್ತದೆ.

‘ಅಕ್ಕೋರು ಏನ್ ಹಾಕ್ಯಾರ ನೋಡೋ.’

‘ಏನಿಲ್ಲಬೇ, ನಾಳೆ ಸೂಟಿ ಅಂತ.’

ಅಲ್ಲಿದ್ದದ್ದು, ನಿಮ್ಮ ಮಗ ಮೂರು ದಿನದಿಂದ ಸಾಲಿಗೆ ಬಂದಿಲ್ಲ ಎಂಬ ವಾಕ್ಯ.

ಸಂಗತಿ: ಪರಿಹಾರ 2013ರಿಂದಲೂ ಫೋನಿನಲ್ಲೇ ಇದೆ: ಧ್ವನಿ ಸಂದೇಶ. ಅಕ್ಷರ ಬಾರದ ಅವ್ವನಿಗೂ ಅಕ್ಕೋರ ದನಿ ನಡುವೆ ಯಾರ ಹಂಗೂ ಇಲ್ಲದೆ ಮುಟ್ಟುತ್ತದೆ. ಒತ್ತಬೇಕಾದದ್ದು ಒಂದೇ ಗುಂಡಿ. ಯಾವ ಗುಂಡಿ ಎಂದು ತಿಳಿಸಲು ಅಕ್ಕೋರು ಡೈರಿಯಲ್ಲಿ ಚಿತ್ರ ಬರೆದು, ಪಾಲಕರ ಸಹಿ ತರಲು ಹೇಳಿ, ಹುಡುಗನ ಚೀಲದಲ್ಲಿಟ್ಟು ಕಳಿಸಿದರು. ಮರುದಿನ ಸಹಿ ಬಂತು. ಇಂಕು ನೀಲಿಯೇ, ಅಕ್ಷರ ಮಾತ್ರ ಏಳನೆಯ ತರಗತಿಯದು.