ಐದೇ ನಿಮಿಷ, ಬಂದೆ

ನಮ್ಮಲ್ಲಿ ಗಂಡಸರು ಕಾಶಿಗೆ ಮೊದಲು ಹೊರಡುವುದು ಮದುವೆಯ ದಿನ. ಕೈಯಲ್ಲಿ ಕೊಡೆ, ಕೋಲು, ಕಣ್ಣಿಗೆ ಕಾಡಿಗೆ, ಕಾಲಿಗೆ ಹೊಸ ಚಪ್ಪಲಿ. ಛತ್ರದ ಬಾಗಿಲು ದಾಟುವಷ್ಟರಲ್ಲಿ ಮಾವನಾಗುವವರು ಬಂದು ತಡೆಯುತ್ತಾರೆ. ಹಾಗೆ ನಿಂತ ಯಾತ್ರೆ ಮುಂದುವರಿಯುವುದು ಪಿಂಚಣಿ ಬಂದ ಮೇಲೆ. ಮೂವತ್ತು ನಲವತ್ತು ವರ್ಷ ತಡವಾಗಿ ತಲುಪುವ ಊರಿನಲ್ಲಿ ಅರ್ಧ ಗಂಟೆ ಆಚೀಚೆಯಾದರೆ ಗಂಟೇನು ಹೋಗುತ್ತದೆ ಎಂಬುದು ನಮ್ಮ ಭಾವನವರ ವಾದ.

ಭಾವನವರ ತಡಕ್ಕೆ ಒಂದು ಗಣಿತವಿದೆ. ಎಂದೋ ಒಂದು ಹಬ್ಬದ ಮುಂಜಾನೆ, ಸಿಗ್ನಲ್ಲುಗಳೆಲ್ಲ ಹಸಿರಾಗಿದ್ದಾಗ, ಜಯನಗರದಿಂದ ಮಲ್ಲೇಶ್ವರಕ್ಕೆ ಇಪ್ಪತ್ತು ನಿಮಿಷದಲ್ಲಿ ಹೋಗಿದ್ದರಂತೆ. ಅಂದಿನಿಂದ ಆ ದಾರಿ ಇಪ್ಪತ್ತೇ ನಿಮಿಷದ್ದು. ಮನುಷ್ಯರು ಹೀಗೇ, ಎಲ್ಲವೂ ಸುಸೂತ್ರವಾದರೆ ಎಷ್ಟು ಹೊತ್ತು ಬೇಕೋ ಅಷ್ಟನ್ನೇ ಲೆಕ್ಕ ಹಿಡಿಯುತ್ತಾರೆ ಎಂದು ಕಾನೆಮನ್ ಮತ್ತು ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲೇ ಬರೆದಿಟ್ಟಿದ್ದಾರೆ. ಅಕ್ಕ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟು ನೋಡಿದಳು. ಭಾವ ಮನಸ್ಸಿನಲ್ಲೇ ಹತ್ತು ಕಳೆದು, ಕೈತಪ್ಪಿ ಇನ್ನೈದನ್ನೂ ಕಳೆದು, ಮೊದಲಿಗಿಂತ ತಡ ಮಾಡಿದರು.

ಇಂಥವರನ್ನು ಕರೆದುಕೊಂಡು ಚಳಿಗಾಲದಲ್ಲಿ ಕಾಶಿಯ ಗೋದೌಲಿಯಾಕ್ಕೆ ಹೋಗಿದ್ದೆವು. ವಿಶ್ವನಾಥನ ಗುಡಿಗೆ, ದಶಾಶ್ವಮೇಧ ಘಾಟಿಗೆ ಹೋಗುವ ಜನವೆಲ್ಲ ಬಂದು ಕೂಡುವ ಚೌಕ ಅದು. ಆಟೋದವನು ಇಳಿಸಿದ ಮೇಲೆ ಎಲ್ಲರದೂ ನಟರಾಜ ಸರ್ವಿಸ್. ಮುಂದೆ ಸೀರೆ ಅಂಗಡಿಯವರು, ಹಿಂದೆ ತಳ್ಳುಗಾಡಿ, ನಡುವೆ ಯಾವ ಗಡಿಬಿಡಿಯೂ ಇಲ್ಲದ ಒಂದು ಹೋರಿ. ಅದು ಪಕ್ಕಕ್ಕೆ ಸರಿಯಬೇಕೆನಿಸಿದಾಗ ಸರಿಯುತ್ತದೆ. ಅಲ್ಲಿಯವರೆಗೆ ಅದರ ವೇಗವೇ ನಮ್ಮ ವೇಗ. ಜಂಗಮವಾಡಿ ಮಠದ ಕಡೆ ತಿರುಗಿದಾಗ ಕನ್ನಡ ಕೇಳಿಸಿತು. ಯಾರೋ ಹಿರಿಯರು ಫೋನಿನಲ್ಲಿ ಕೂಗುತ್ತಿದ್ದರು: “ಇಲ್ಲೇ ಇದೀನಿ, ಐದೇ ನಿಮಿಷ, ಬಂದೆ!” ಭಾವನವರ ಮುಖ ಅರಳಿತು.

ಕ್ಯಾಂಟ್ ರೈಲು ನಿಲ್ದಾಣದಿಂದ ಗೋದೌಲಿಯಾದವರೆಗೆ ರೋಪ್‌ವೇಗೆ 2023ರಲ್ಲಿ ಅಡಿಗಲ್ಲು ಹಾಕಿದ ಸುದ್ದಿಯನ್ನೂ ಅವರಿಗೆ ಹೇಳಿದೆ. ಸುಮಾರು ಹದಿನಾರು ನಿಮಿಷದ ಹಾದಿ ಎಂದದ್ದೇ ತಡ, “ಹದಿನೈದು ಅನ್ನು” ಎಂದರು. ಹತ್ತುವ ಮೊದಲೇ ಒಂದು ನಿಮಿಷ ಉಳಿಸಿದ್ದರು.

ಘಾಟಿನ ಪಕ್ಕದಲ್ಲೇ ಮಾನಮಂದಿರ. ಅದರ ಮಾಳಿಗೆಯ ಮೇಲೆ ಸವಾಯಿ ಜಯಸಿಂಹ ಕಟ್ಟಿಸಿದ ವೇಧಶಾಲೆಯಿದೆ. ಕಲ್ಲಿನ ನೆರಳು ಅಲ್ಲಿ ಹೊತ್ತು ಹೇಳುತ್ತದೆ. ಅಲ್ಲಿ ಭಾವನವರಿಗೆ ಒಂದು ಸಂಗತಿ ವಿವರಿಸಿದೆ. ನಮ್ಮ ದೇಶದ ಗಡಿಯಾರ 1906ರಿಂದ ಹಿಡಿದಿರುವುದು 82.5 ಡಿಗ್ರಿ ಪೂರ್ವ ರೇಖಾಂಶವನ್ನು. ಅದು ಹಾಯುವುದು ಪಕ್ಕದ ಮಿರ್ಜಾಪುರದ ಬಳಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಬೆಂಗಳೂರು ಆ ರೇಖೆಯಿಂದ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ.

“ಅಂದ್ರೆ ನಮ್ಮೂರಲ್ಲಿ ಸೂರ್ಯನೇ ಇಪ್ಪತ್ತು ನಿಮಿಷ ಲೇಟು!” ಎಂದು ಭಾವ ಅಕ್ಕನ ಕಡೆ ತಿರುಗಿದರು. ಮೂವತ್ತು ವರ್ಷದ ಮೊಕದ್ದಮೆಯನ್ನು ಒಂದೇ ಏಟಿಗೆ ಗೆದ್ದ ಗತ್ತು.

“ಕಾಶಿ ಆ ಗೆರೆಯಿಂದ ಅರ್ಧ ಡಿಗ್ರಿ ಪೂರ್ವಕ್ಕಿದೆ ಭಾವ. ಸರಾಸರಿ ಲೆಕ್ಕದಲ್ಲಿ ಇಲ್ಲಿ ಸೂರ್ಯ ಎರಡು ನಿಮಿಷ ಮುಂಚೆಯೇ ಹಾಜರು” ಎಂದೆ. ಅಪೀಲು ಅಲ್ಲೇ ವಜಾ ಆಯಿತು.

ಆದರೂ ಅವರನ್ನು ಬಗ್ಗಿಸಿದ್ದು ಸೂರ್ಯನಲ್ಲ, ಮಲೈಯ್ಯೋ. ಕಾಯಿಸಿದ ಹಾಲನ್ನು ರಾತ್ರಿಯಿಡೀ ಇಬ್ಬನಿಗೆ ಇಟ್ಟು, ನಸುಕಿನಲ್ಲಿ ಕಡೆದು, ಕೇಸರಿ ಹಾಕಿ ಮಣ್ಣಿನ ಕುಡಿಕೆಯಲ್ಲಿ ಕೊಡುವ ಬರೀ ನೊರೆ. ಚಳಿಗಾಲದಲ್ಲಷ್ಟೇ, ಬಿಸಿಲೇರುವ ತನಕ ಮಾತ್ರ. ಭಾವ ಸಾವಕಾಶವಾಗಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಗಾಡಿಯವನ ತಟ್ಟೆ ಖಾಲಿ. ಮುಹೂರ್ತ ತಪ್ಪಿದಾಗ ಬರದ ಸಂಕಟ ಅಂದು ಅವರ ಮುಖದಲ್ಲಿ ಕಂಡಿತು. ಮರುದಿನ ನಾವೇಳುವ ಮೊದಲೇ ಮಫ್ಲರ್ ಸುತ್ತಿಕೊಂಡು ಹೋದವರು ಗಾಡಿಯವನಿಗಿಂತ ಮೊದಲು ತಲುಪಿದರು; ಕುಲ್ಹಡ್ ಚಹಾ ಕುಡಿದರು; ಯಾವ ಕೆಲಸವೂ ಇಲ್ಲದೆ ಕೂತಿದ್ದ ಬನಾರಸಿಗಳ ನಡುವೆ ತಾವೂ ಒಬ್ಬರಾಗಿ ಕೂತರು.

ತಡ ಮಾಡುವವರ ಗುಟ್ಟು ನನಗೆ ತಿಳಿದದ್ದು ಆಗ. ಅವರಿಗೆ ತಡದ ಭಯವಿಲ್ಲ. ಬೇಗ ಹೋಗಿ ಸುಮ್ಮನೆ ಕಾಯಬೇಕಾದೀತೆಂಬ ಭಯ. ಗೋದೌಲಿಯಾಕ್ಕೆ ಆ ಭಯವೇ ಇಲ್ಲ. ಅಲ್ಲಿನ ಆಸುಪಾಸಿನಲ್ಲಿ 1958ರಿಂದ ಮುಕ್ತಿಭವನವಿದೆ. ಕೊನೆಯುಸಿರಿಗೆಂದು ಬಂದವರಿಗೆ ಸಾಮಾನ್ಯವಾಗಿ ಎರಡು ವಾರ ಕೋಣೆ. ಸಾವಿಗೇ ನೆಮ್ಮದಿಯಾಗಿ ಕಾಯಬಲ್ಲ ಊರಿನಲ್ಲಿ ನೊರೆಹಾಲಿಗೆ ಕಾಯುವುದು ಯಾವ ಲೆಕ್ಕ?

ಈಗ ಭಾವ ಗೃಹಪ್ರವೇಶಗಳಿಗೆ ಎಲ್ಲರಿಗಿಂತ ಮೊದಲು ಹೋಗಿ, ಅಡುಗೆಯವರ ಜೊತೆ ಮೊದಲ ಡಿಕಾಕ್ಷನ್ನಿನ ಕಾಫಿ ಕುಡಿಯುತ್ತಾರೆ. ಇದರಿಂದ ತೊಂದರೆಯಾಗಿರುವುದು ಅಕ್ಕನಿಗೆ. ಬಾಗಿಲಿಗೆ ಬೀಗ ಹಾಕಿ, “ಗ್ಯಾಸ್ ಆಫ್ ಮಾಡಿದ್ನಾ ನೋಡಿ ಬರ್ತೀನಿ” ಎಂದು ಒಳಹೋದರೆ ಅವಳು ಹೊರಬರುವುದು ಕಾಲು ಗಂಟೆಗೆ. ಇಷ್ಟು ವರ್ಷ ಗಂಡನ ತಡದ ಮರೆಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.